ಸಂಘದ ದಂಡ, ಸಂಘದ ಕ್ಷಮೆ

ಧರ್ಮಕ್ಕಾಗಿ ಒಟ್ಟುಗೂಡಿದ ಜನರ ನಡುವೆ ಒಬ್ಬನು ಘೋರವಾದ ಅಪರಾಧ ಮಾಡಿದರೆ ಅವನನ್ನು ಏನು ಮಾಡಬೇಕು? ಹೊರಗೆ ಹಾಕಬೇಕೆ, ಕ್ಷಮಿಸಿ ಒಳಗೆ ಇಟ್ಟುಕೊಳ್ಳಬೇಕೆ? ಕ್ಷಮೆಯನ್ನು ಬೋಧಿಸುವವರೇ ದಂಡ ಹಿಡಿದರೆ ಬೋಧನೆ ಎಲ್ಲಿ ಉಳಿಯಿತು ಎಂದು ಲೋಕ ಕೇಳುತ್ತದೆ. ದಂಡಿಸದೆ ಬಿಟ್ಟರೆ, ಕಾವಿಯ ಮರೆಯಲ್ಲಿ ಏನು ಮಾಡಿದರೂ ನಡೆಯುತ್ತದೆಯೆ ಎಂದು ಅದೇ ಲೋಕ ಕೇಳುತ್ತದೆ. ಈ ಎರಡು ಪ್ರಶ್ನೆಗಳಿಗೂ ಉತ್ತರ ಹೇಳಬೇಕಾಗಿ ಬಂದ ಒಂದು ಹಳೆಯ ಸಮುದಾಯದ ಸಂಗತಿಯನ್ನು ಇಲ್ಲಿ ನಿಮ್ಮ ಮುಂದಿಡುತ್ತೇನೆ. ಅದು ಬುದ್ಧನು ಕಟ್ಟಿದ ಭಿಕ್ಷುಸಂಘ.

ಬುದ್ಧನ ಉಪದೇಶದ ಕಥೆಗಳು ನಮ್ಮಲ್ಲಿ ಅನೇಕರಿಗೆ ಪರಿಚಿತವಾಗಿವೆ. ಸಂಘದ ಕಾನೂನನ್ನು ಹೇಳುವ ವಿನಯಪಿಟಕ ಅಷ್ಟು ಪರಿಚಿತವಲ್ಲ. ಹೆಸರು ಕೇಳಿ ಇದು ಒಣ ಗ್ರಂಥವೆಂದು ಹೆದರಬೇಕಾಗಿಲ್ಲ. ಒಂದೊಂದು ನಿಯಮದ ಹಿಂದೆಯೂ ಒಂದೊಂದು ಪ್ರಸಂಗವುಂಟು. ಯಾರೋ ತಪ್ಪುತ್ತಾನೆ, ಊರಿನವರು ಆಡಿಕೊಳ್ಳುತ್ತಾರೆ, ಮಾತು ಬುದ್ಧನ ಕಿವಿಗೆ ಬೀಳುತ್ತದೆ, ವಿಚಾರಣೆ ನಡೆದು ನಿಯಮ ಹುಟ್ಟುತ್ತದೆ. ಪಾಲಿ ಸಂಪ್ರದಾಯದಲ್ಲಿ ಹೀಗೆ ಭಿಕ್ಷುಗಳಿಗೆ ಏರ್ಪಟ್ಟ ನಿಯಮಗಳು ೨೨೭. ಹದಿನೈದು ದಿನಕ್ಕೊಮ್ಮೆ, ಹುಣ್ಣಿಮೆ ಅಮಾವಾಸ್ಯೆಗಳಲ್ಲಿ, ಇವನ್ನು ಸಂಘದ ಮುಂದೆ ಪಠಿಸುವುದು ಪದ್ಧತಿ.

ಇವುಗಳಲ್ಲಿ ಮೊದಲ ನಾಲ್ಕಕ್ಕೆ ಪಾರಾಜಿಕಗಳೆಂದು ಹೆಸರು. ಸ್ತ್ರೀಸಂಗ ಮೊದಲಾದ ಮೈಥುನ, ಕಳ್ಳತನ, ನರಹತ್ಯೆ, ಮತ್ತು ತನಗಿಲ್ಲದ ಅಲೌಕಿಕ ಸಿದ್ಧಿಯನ್ನು ಉಂಟೆಂದು ಸುಳ್ಳು ಹೇಳಿಕೊಳ್ಳುವುದು. ಈ ನಾಲ್ಕರಲ್ಲಿ ಒಂದನ್ನು ಮಾಡಿದವನು ಆ ಕ್ಷಣದಿಂದಲೇ ಭಿಕ್ಷುವಲ್ಲ. ತಲೆ ಕಡಿದ ಶರೀರ, ತೊಟ್ಟು ಕಳಚಿದ ಹಣ್ಣೆಲೆ, ಎರಡು ಹೋಳಾದ ಬಂಡೆ, ಸುಳಿ ಕತ್ತರಿಸಿದ ತಾಳೆಯ ಮರ ಎಂಬ ಹೋಲಿಕೆಗಳನ್ನು ಗ್ರಂಥವು ಕ್ರಮವಾಗಿ ಈ ನಾಲ್ಕಕ್ಕೂ ಕೊಡುತ್ತದೆ. ಮತ್ತೆ ಕೂಡಿಸುವಂತಿಲ್ಲ ಎಂದು ಅರ್ಥ. ನಾಲ್ಕನೆಯದನ್ನು ಗಮನಿಸಿ. ಕೊಲೆಯ ಸಾಲಿನಲ್ಲಿ ಒಂದು ಸುಳ್ಳನ್ನು ನಿಲ್ಲಿಸಿದೆ! ಭಕ್ತರು ನಂಬಿ ನೀಡುವ ಅನ್ನವನ್ನು ಇಲ್ಲದ ಸಿದ್ಧಿಯ ಹೆಸರಿನಲ್ಲಿ ಉಣ್ಣುವುದು ಸಂಘದ ದೃಷ್ಟಿಯಲ್ಲಿ ದೊಡ್ಡ ಕಳವು.

ಕಳ್ಳತನದ ನಿಯಮ ಹುಟ್ಟಿದ ಸಂದರ್ಭ ವಿಚಾರಾರ್ಹವಾಗಿದೆ. ಧನಿಯ ಎಂಬ ಭಿಕ್ಷು, ಪೂರ್ವಾಶ್ರಮದಲ್ಲಿ ಕುಂಬಾರನ ಮಗ, ರಾಜಗೃಹದ ಬಳಿ ಗುಡಿಸಲು ಕಟ್ಟಿಕೊಳ್ಳಲು ಮರ ಬೇಕೆಂದು ಹೊರಟ. ನಗರದ ದುರಸ್ತಿಗಾಗಿ ಕಾದಿರಿಸಿದ್ದ ಬಿಂಬಿಸಾರ ರಾಜನ ಮರವನ್ನು, ರಾಜನೇ ಕೊಟ್ಟಿದ್ದಾನೆಂದು ಹೇಳಿ ಸಾಗಿಸಿದ. ರಾಜನು ಕರೆಸಿ ಕೇಳಿದಾಗ, ಪಟ್ಟಾಭಿಷೇಕದ ದಿನ ಶ್ರಮಣ ಬ್ರಾಹ್ಮಣರಿಗೆ ಹುಲ್ಲು, ಮರ, ನೀರನ್ನು ಬಿಟ್ಟುಕೊಟ್ಟ ಮಾತನ್ನು ಅವನಿಗೇ ನೆನಪಿಸಿದ. ಅದು ಕಾಡಿನಲ್ಲಿ ಒಡೆಯನಿಲ್ಲದೆ ಬಿದ್ದದ್ದಕ್ಕೆ ಆಡಿದ ಮಾತೆಂದು ರಾಜನು ಛೀಮಾರಿ ಹಾಕಿದ. ಸಂನ್ಯಾಸಿಯೆಂದು ಶಿಕ್ಷಿಸದೆ ಬಿಟ್ಟ. ರಾಜನು ಬಿಟ್ಟರೂ ಜನ ಬಿಡಲಿಲ್ಲ. ರಾಜನನ್ನೇ ವಂಚಿಸುವವರು ನಮ್ಮನ್ನು ಬಿಟ್ಟಾರೆಯೆ ಎಂದು ಗೊಣಗಿದರು. ಆಗ ಬುದ್ಧನು ಮಾಡಿದ್ದೇನು? ಹಿಂದೆ ನ್ಯಾಯಾಧಿಕಾರಿಯಾಗಿದ್ದು ಭಿಕ್ಷುವಾಗಿದ್ದ ಒಬ್ಬನನ್ನು ಕರೆದು, ರಾಜನು ಎಷ್ಟು ಬೆಲೆಯ ಕಳವಿಗೆ ಕಠಿಣ ಶಿಕ್ಷೆ ವಿಧಿಸುತ್ತಾನೆಂದು ವಿಚಾರಿಸಿದ. ಒಂದು ಪಾದ, ಎಂದರೆ ಆ ಕಾಲದ ನಾಣ್ಯದ ಕಾಲು ಭಾಗ, ಎಂದು ಉತ್ತರ ಬಂತು. ಸಂಘದಲ್ಲಿಯೂ ಅದೇ ಅಳತೆ ನಿಂತಿತು. ಸಂನ್ಯಾಸಿಯ ಕಳವಿಗೆ ಬೇರೆ ತಕ್ಕಡಿಯಿಲ್ಲ ಎಂದಾಯಿತು.

ಅದೇ ಬಿಂಬಿಸಾರನು ಶಾಕ್ಯಪುತ್ರನ ಶ್ರಮಣರಿಗೆ ಯಾರೂ ಏನೂ ಮಾಡಬಾರದೆಂದು ಆಜ್ಞೆ ಹೊರಡಿಸಿದ್ದನು. ಭಕ್ತಿಯ ಆಜ್ಞೆ, ಆದರೆ ಅದರ ಫಲ ನೋಡಿ. ಸೆರೆಮನೆ ಮುರಿದು ಓಡಿದ ಕಳ್ಳನೊಬ್ಬ ನೇರವಾಗಿ ಸಂಘಕ್ಕೆ ಬಂದು ಕಾವಿ ಉಟ್ಟ. ಗುರುತು ಹಿಡಿದ ಜನರಿಗೆ ಅವನನ್ನು ಮುಟ್ಟುವಂತಿಲ್ಲ. ಇದನ್ನು ಕೇಳಿ ಬುದ್ಧನು, ಸೆರೆ ಮುರಿದು ಬಂದವನಿಗೆ ದೀಕ್ಷೆ ಕೊಡಕೂಡದೆಂದು ವಿಧಿಸಿದ. ರಾಜನು ಕೊಟ್ಟ ರಕ್ಷಣೆಯನ್ನು ಸಂಘವೇ ಮಿತಿಗೊಳಿಸಿಕೊಂಡಂತಾಯಿತು.

ಹಾಗಾದರೆ ಅಂಗುಲಿಮಾಲನ ಮಾತೇನು ಎಂದು ನೀವು ಕೇಳಬಹುದು. ಕೊಂದವರ ಬೆರಳುಗಳನ್ನು ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದ ಆ ದರೋಡೆಕಾರನಿಗೆ ಬುದ್ಧನು ದೀಕ್ಷೆ ಕೊಡಲಿಲ್ಲವೆ? ಕೊಟ್ಟನು. ಅವನನ್ನು ಹಿಡಿಯಲು ಕುದುರೆಯ ದಂಡು ಕಟ್ಟಿಕೊಂಡು ಹೊರಟ ಪ್ರಸೇನಜಿತ ರಾಜನು ಭಿಕ್ಷುವನ್ನು ಕಂಡು ಕೈಮುಗಿದನು. ಕಥೆಯನ್ನು ನಾವು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತೇವೆ. ಗ್ರಂಥ ನಿಲ್ಲಿಸುವುದಿಲ್ಲ. ಭಿಕ್ಷೆಗೆ ಹೋದ ಅಂಗುಲಿಮಾಲನ ಮೇಲೆ ಕಲ್ಲು, ಕೋಲು, ಹೆಂಟೆಗಳು ಬೀಳುತ್ತವೆ. ತಲೆಯೊಡೆದು, ಪಾತ್ರೆ ಚೂರಾಗಿ, ಚೀವರ ಹರಿದು ರಕ್ತ ಸುರಿಸುತ್ತ ಬಂದವನಿಗೆ, ಸಹಿಸಿಕೋ, ಇದು ನೀನು ಮಾಡಿದ್ದರ ಫಲ ಎಂದು ಬುದ್ಧನು ಹೇಳುತ್ತಾನೆ. ಸಂಘ ಕ್ಷಮಿಸಿತೆಂದು ಊರೂ ಕ್ಷಮಿಸಬೇಕೆಂಬ ಅಪ್ಪಣೆಯನ್ನು ಅವನು ಮಾಡಲಿಲ್ಲ. ಅಷ್ಟೇ ಅಲ್ಲ, ಅಂಗುಲಿಮಾಲನನ್ನು ಕಂಡು ಜನ ಬೆದರಿ ಓಡುವುದನ್ನು ಕೇಳಿದ ಮೇಲೆ, ಇನ್ನು ಮುಂದೆ ಹೆಸರಾದ ದರೋಡೆಕಾರರಿಗೆ ದೀಕ್ಷೆ ಕೂಡದೆಂಬ ನಿಯಮವನ್ನೂ ಮಾಡಿದನೆಂದು ವಿನಯಪಿಟಕ ಹೇಳುತ್ತದೆ. ಒಬ್ಬ ಮನುಷ್ಯ ಬದಲಾದದ್ದು ನಿಜ. ಹಾಗೆಂದು ಅದನ್ನೇ ಪದ್ಧತಿಯಾಗಿ ಮಾಡಿದರೆ ಸುತ್ತಲಿನ ಊರುಗಳು ಭಯದಲ್ಲಿ ಬದುಕಬೇಕಾಗುತ್ತದೆ.

ಇನ್ನೊಂದು ಪ್ರಸಂಗ ಇದಕ್ಕಿಂತ ಸೂಕ್ಷ್ಮವಾದುದು. ತಂದೆ ಬಿಂಬಿಸಾರನನ್ನು ಕೊಂದು ಸಿಂಹಾಸನವೇರಿದ ಅಜಾತಶತ್ರು ಒಂದು ಹುಣ್ಣಿಮೆಯ ರಾತ್ರಿ ಬುದ್ಧನಲ್ಲಿಗೆ ಬಂದು ತಪ್ಪೊಪ್ಪಿಕೊಂಡ. ತಪ್ಪನ್ನು ತಪ್ಪೆಂದು ಕಂಡು ಒಪ್ಪಿಕೊಳ್ಳುವುದು ಏಳಿಗೆಯ ದಾರಿ ಎಂದು ಹೇಳಿ ಬುದ್ಧನು ಅದನ್ನು ಸ್ವೀಕರಿಸಿದ. ರಾಜನು ಹೊರಟುಹೋದ ಮೇಲೆ ಭಿಕ್ಷುಗಳ ಕಡೆ ತಿರುಗಿ, ತಂದೆಯನ್ನು ಕೊಲ್ಲದೆ ಇದ್ದಿದ್ದರೆ ಈ ಆಸನದಲ್ಲಿಯೇ ಅವನಿಗೆ ಧರ್ಮದ ಕಣ್ಣು ತೆರೆಯುತ್ತಿತ್ತು ಎಂದ. ಕ್ಷಮೆ ದೊರೆಯಿತು, ಆದ ನಷ್ಟ ಉಳಿಯಿತು. ನಾವು ಕ್ಷಮೆ ಎಂಬ ಒಂದೇ ಮಾತಿನಲ್ಲಿ ಎರಡು ಸಂಗತಿಗಳನ್ನು ಬೆರೆಸುತ್ತೇವೆ: ದ್ವೇಷವನ್ನು ಬಿಡುವುದು ಒಂದು, ಕಳೆದುಕೊಂಡ ಸ್ಥಾನವನ್ನು ಮರಳಿ ಕೊಡುವುದು ಇನ್ನೊಂದು. ಮೊದಲನೆಯದನ್ನು ಎಲ್ಲರಿಗೂ ಕೊಡಬಹುದು. ಎರಡನೆಯದನ್ನು ಅಳೆದು ಕೊಡಬೇಕು. ಪಾರಾಜಿಕನಾದವನಿಗೆ ಭಿಕ್ಷುವಿನ ಆಸನ ಇಲ್ಲವಾಯಿತೇ ಹೊರತು, ಗೃಹಸ್ಥನಾಗಿ ದಾನ ಶೀಲಗಳಲ್ಲಿ ಬಾಳುವ ದಾರಿಯನ್ನು ಯಾರೂ ಮುಚ್ಚಲಿಲ್ಲ.

ಸ್ಥಾನವನ್ನು ಮರಳಿ ಕೊಡುವ ಕ್ರಮ ಹೇಗಿತ್ತೆಂಬುದು ಪಾರಾಜಿಕಗಳ ನಂತರದ ಹದಿಮೂರು ನಿಯಮಗಳಿಂದ ತಿಳಿಯುತ್ತದೆ. ಇವು ಸಂಘಾದಿಶೇಷಗಳು. ಕಾಮದಿಂದ ಸ್ತ್ರೀಯ ಮೈ ಮುಟ್ಟುವುದು, ಸಂಘವನ್ನು ಒಡೆಯಲು ಹಟ ಹಿಡಿಯುವುದು, ನಿರಪರಾಧಿಯ ಮೇಲೆ ಪಾರಾಜಿಕದ ಸುಳ್ಳು ಆರೋಪ ಹೊರಿಸುವುದು ಮುಂತಾದುವು ಇದರಲ್ಲಿ ಸೇರಿವೆ. ತಪ್ಪಿದವನು ಆರು ರಾತ್ರಿ ಮಾನತ್ತ ಎಂಬ ವ್ರತದಲ್ಲಿರಬೇಕು. ಆ ಕಾಲದಲ್ಲಿ ಇತರ ಭಿಕ್ಷುಗಳಿಂದ ನಮಸ್ಕಾರ ಸ್ವೀಕರಿಸುವಂತಿಲ್ಲ. ಕಡೆಯ ಆಸನ, ಕಡೆಯ ಹಾಸಿಗೆ ಅವನದು. ಹೊಸದಾಗಿ ಬಂದ ಭಿಕ್ಷುವಿಗೆ ತನ್ನ ತಪ್ಪನ್ನು ತಾನೇ ತಿಳಿಸಬೇಕು. ಎಲ್ಲ ಮುಗಿದ ಮೇಲೆ ಇಪ್ಪತ್ತು ಭಿಕ್ಷುಗಳು ಕೂಡಿ ಅವನನ್ನು ಮತ್ತೆ ಒಳಗೆ ಕರೆದುಕೊಳ್ಳುತ್ತಾರೆ. ಒಬ್ಬನು ಕಡಿಮೆಯಾದರೂ ಅದು ಸಿಂಧುವಲ್ಲ. ಗುರುವೊಬ್ಬನು ಏಕಾಂತದಲ್ಲಿ ಶಿಷ್ಯನ ತಲೆ ಸವರಿ ಮುಗಿಸಿಬಿಡುವ ಕ್ಷಮೆ ಇದಲ್ಲ.

ಇಲ್ಲಿ ಒಂದು ಅಂಶ ಮನಸ್ಸಿನಲ್ಲಿ ಇಡತಕ್ಕದ್ದು. ತಪ್ಪನ್ನು ಅಂದೇ ಹೇಳಿದರೆ ಆರು ರಾತ್ರಿ ಸಾಕು. ಮೂವತ್ತು ದಿನ ಮುಚ್ಚಿಟ್ಟರೆ, ಮೊದಲು ಮೂವತ್ತು ದಿನ ಪರಿವಾಸವೆಂಬ ದಂಡ, ಅದರ ಮೇಲೆ ಆ ಆರು ರಾತ್ರಿ. ಮುಚ್ಚಿಟ್ಟಷ್ಟು ದಿನವೂ ಲೆಕ್ಕಕ್ಕೆ ಸೇರುತ್ತದೆ. ಇನ್ನೊಬ್ಬನ ಘೋರ ಅಪರಾಧವನ್ನು ತಿಳಿದೂ ಮರೆಮಾಡುವ ಭಿಕ್ಷುವಿಗೂ ದೋಷವುಂಟು. ಭಿಕ್ಷುಣಿಯರಲ್ಲಿ ಈ ಬಿಗಿ ಇನ್ನೂ ಹೆಚ್ಚು: ಮತ್ತೊಬ್ಬಳ ಪಾರಾಜಿಕವನ್ನು ಮುಚ್ಚಿದವಳು ತಾನೂ ಪಾರಾಜಿಕಳಾಗುತ್ತಾಳೆ. ಒಂದೇ ತಪ್ಪಿಗೆ ಗಂಡಸಿಗೆ ಹಗುರವಾದ, ಹೆಂಗಸಿಗೆ ಕಠಿಣವಾದ ದಂಡ ಏಕೆಂದು ಇಂದಿನ ಓದುಗರು ಕೇಳಿದರೆ ಆ ಪ್ರಶ್ನೆ ನ್ಯಾಯವಾದುದೇ.

ಹಾಗೆಂದು ದೂರು ಬಂದ ಕೂಡಲೆ ದಂಡಿಸುವ ಆತುರವೂ ಇರಲಿಲ್ಲ. ಆರೋಪಿ ಎದುರಿಗಿಲ್ಲದೆ ತೀರ್ಪು ಕೊಡುವಂತಿಲ್ಲ. ನಿಯಮ ಹುಟ್ಟುವುದಕ್ಕೆ ಕಾರಣನಾದ ಮೊದಲ ತಪ್ಪುಗಾರನಿಗೆ ಆ ನಿಯಮದ ದಂಡ ಇಲ್ಲ. ಮೇಲೆ ಹೇಳಿದ ಧನಿಯನು ಉಳಿದುಕೊಂಡದ್ದು ಹೀಗೆ. ನೋಯಿಸಿದ್ದು ಹೊರಗಿನವರನ್ನಾದರೆ ಕ್ಷಮೆಯನ್ನು ಅಲ್ಲಿಯೇ ಕೇಳಬೇಕು. ಚಿತ್ತನೆಂಬ ಗೃಹಸ್ಥನನ್ನು ಹೀನಾಯವಾಗಿ ಮಾತನಾಡಿಸಿದ ಸುಧಮ್ಮ ಭಿಕ್ಷುವನ್ನು, ಜೊತೆಗೊಬ್ಬ ಭಿಕ್ಷುವನ್ನು ಕೊಟ್ಟು, ಆ ಗೃಹಸ್ಥನ ಮನೆಗೇ ಕಳುಹಿಸಲಾಯಿತು.

ಪಾರಾಜಿಕದ ಬಾಗಿಲು ಅಷ್ಟು ಭದ್ರವಾಗಿರಬೇಕೆ ಎಂಬ ಚರ್ಚೆ ಮುಂದೆಯೂ ನಡೆದಿರಬೇಕು. ಏಕೆಂದರೆ ಪಾಲಿಯನ್ನು ಬಿಟ್ಟು ಸರ್ವಾಸ್ತಿವಾದ, ಮೂಲಸರ್ವಾಸ್ತಿವಾದ ಮೊದಲಾದ ಪಂಥಗಳ ವಿನಯಗ್ರಂಥಗಳಲ್ಲಿ ಒಂದು ಕಿರುಬಾಗಿಲು ಕಾಣುತ್ತದೆ. ಬ್ರಹ್ಮಚರ್ಯದಿಂದ ಜಾರಿದವನು ಒಂದು ಕ್ಷಣವೂ ಮುಚ್ಚಿಡುವ ಯೋಚನೆ ಮಾಡದೆ ಬಂದು ಹೇಳಿಕೊಂಡರೆ, ಅವನನ್ನು ಶಿಕ್ಷಾದತ್ತಕನೆಂದು ಉಳಿಸಿಕೊಳ್ಳಬಹುದು. ಆದರೆ ಜೀವಮಾನವೆಲ್ಲ ಅವನ ಆಸನ ಎಲ್ಲ ಭಿಕ್ಷುಗಳಿಗಿಂತ ಕೆಳಗೆ, ಶ್ರಾಮಣೇರರಿಗಿಂತ ಮೇಲೆ. ಕರುಣೆ ತೋರಿದವರೂ ಮುಚ್ಚುಮರೆಗೆ ಮಾತ್ರ ಎಡೆಗೊಡಲಿಲ್ಲ.

ಸಂಘದ ಈ ರೀತಿಯನ್ನು ಕ್ರಿ.ಪೂ. ೩ನೆಯ ಶತಮಾನದಲ್ಲಿ ಅಶೋಕನು ಕಲ್ಲಿನ ಮೇಲೆ ಬರೆಸಿದನು. ಸಂಘವನ್ನು ಒಡೆಯುವವರಿಗೆ ಬಿಳಿಯ ಬಟ್ಟೆ ಉಡಿಸಿ, ವಿಹಾರದ ಹೊರಗೆ ವಾಸಮಾಡಿಸಬೇಕೆಂದು ಸಾರನಾಥ, ಸಾಂಚಿ, ಕೌಶಾಂಬಿಗಳ ಶಾಸನಗಳು ಹೇಳುತ್ತವೆ. ಚಕ್ರವರ್ತಿಯಾದರೂ ಅವನು ಇಲ್ಲಿ ಕತ್ತಿಯ ಮಾತಾಡಲಿಲ್ಲ. ಕಾವಿ ತೆಗೆಸುವುದೇ ದಂಡವಾಯಿತು. ಧೌಳಿ, ಜೌಗಡಗಳ ಪ್ರತ್ಯೇಕ ಶಾಸನದಲ್ಲಿ ಗಡಿಯ ಜನರನ್ನು ಕುರಿತು, ಕ್ಷಮಿಸಲು ಸಾಧ್ಯವಾದುದನ್ನು ರಾಜನು ಕ್ಷಮಿಸುವನೆಂಬ ಅರ್ಥದ ಮಾತಿದೆ. ಕ್ಷಮೆಗೆ ಎಲ್ಲೆಯುಂಟೆಂಬುದನ್ನು ಆ ಮಾತೇ ತಿಳಿಸುತ್ತದೆ. ಆ ಪ್ರತ್ಯೇಕ ಶಾಸನಗಳ ಭಾಗಗಳು ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ದೊರೆತಿವೆ. ೧೯೧೫ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನದಲ್ಲಿ ಅವನ ಹೆಸರೇ ಇದೆ. ತಾನು ಸಂಘಕ್ಕೆ ಹತ್ತಿರವಾದ ಸಂಗತಿಯನ್ನು ಅಲ್ಲಿ ಹೇಳಿಕೊಂಡಿದ್ದಾನೆ. ಸಂಘದ ಮಾತು ನಮ್ಮ ನೆಲಕ್ಕೆ ಬಂದು ಎರಡು ಸಾವಿರ ವರ್ಷಗಳಿಗೂ ಮಿಕ್ಕಿತು.

ಇಂದು ಮಠ, ಆಶ್ರಮ, ಚರ್ಚು, ಮದರಸಗಳಲ್ಲಾಗಲಿ, ಧರ್ಮದ ಹೆಸರಿಲ್ಲದ ಸಂಘಸಂಸ್ಥೆಗಳಲ್ಲಾಗಲಿ, ಇಂಥ ಅಪರಾಧ ನಡೆದಾಗ ಕೇಳಿಬರುವ ಮೊದಲ ಸಲಹೆ ಯಾವುದು? ವಿಷಯ ಹೊರಗೆ ಹೋಗಬಾರದು, ಹೆಸರು ಕೆಡುತ್ತದೆ, ಅವನು ಪಶ್ಚಾತ್ತಾಪ ಪಟ್ಟಿದ್ದಾನೆ, ಕ್ಷಮಿಸಿಬಿಡೋಣ ಎಂದು. ವಿನಯಪಿಟಕದ ಕಣ್ಣಿಂದ ನೋಡಿದರೆ ಈ ಸಲಹೆಯಲ್ಲಿ ಕ್ಷಮೆ ಇಲ್ಲ, ಮುಚ್ಚಿಡುವುದು ಮಾತ್ರ ಇದೆ. ನೊಂದವರು ಎಲ್ಲಿದ್ದಾರೆ, ಅವರನ್ನು ಯಾರು ಕೇಳಿದರು, ರಾಜ್ಯದ ಕಾನೂನಿಗೆ ಯಾರು ತಿಳಿಸಿದರು ಎಂಬ ಪ್ರಶ್ನೆಗಳು ಮೊದಲು. ಕ್ಷಮೆಯ ಮಾತು ಆಮೇಲೆ. ನಿಮ್ಮ ಊರಿನಲ್ಲಿ ಅಂಥ ಸಭೆ ಎಂದಾದರೂ ಕೂಡಿದರೆ, ಹೊರಗೆ ಹೋಗಬಾರದೆಂಬ ಮಾತು ಬಂದ ಕೂಡಲೆ ಆ ಮೂವತ್ತು ದಿನದ ಲೆಕ್ಕವನ್ನು ನೆನಪು ಮಾಡಿಕೊಳ್ಳಿ.