ಕಲಬುರಗಿ ಸೀಮೆಯಲ್ಲಿ ಕಥೋಲಿಕ ಸಮಾಜಬೋಧೆ

ಕಲಬುರಗಿಯು ಬಹುಕಾಲದಿಂದ ಅನ್ನದಾನಕ್ಕೆ ಹೆಸರಾದ ಊರು. ಸುಮಾರು ೧೪೦೦ರ ವೇಳೆಗೆ ಇಲ್ಲಿಗೆ ಬಂದು ನೆಲಸಿ ೧೪೨೨ರಲ್ಲಿ ಕಾಲವಾದ ಖ್ವಾಜಾ ಬಂದೇನವಾಜರ ದರ್ಗಾಕ್ಕೂ, ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ೧೭೪೬ರಲ್ಲಿ ಜನಿಸಿ ಕಲಬುರಗಿಯಲ್ಲಿ ೧೮೨೨ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರ ದಾಸೋಹಕ್ಕೂ ಜಾತಿಮತಗಳ ಎಣಿಕೆಯಿಲ್ಲದೆ ಜನರು ನಡೆದುಬಂದಿರುವರು. ಇಂತಹ ನೆಲದಲ್ಲಿ ಸಂಖ್ಯೆಯಿಂದ ಅತ್ಯಲ್ಪವಾದ ಕಥೋಲಿಕ ಸಮಾಜವು ತನ್ನದೆನ್ನುವ ಸಮಾಜಬೋಧೆಯನ್ನು ಹೊತ್ತು ಬಂದಾಗ, ಆ ಬೋಧೆಯು ಇಲ್ಲಿಯ ಬಾಳಿಗೆ ಹೊಸದಾಗಿ ಏನನ್ನು ಕೊಟ್ಟಿತು, ಇಲ್ಲಿಯ ಬಾಳು ಅದನ್ನು ಯಾವ ಪರೀಕ್ಷೆಗೆ ಗುರಿಮಾಡಿತು ಎಂಬುದು ಚರಿತ್ರಕಾರನು ವಿಚಾರಿಸತಕ್ಕ ವಿಷಯವಾಗಿದೆ.

ಈ ಪ್ರಾಂತದ ಕಥೋಲಿಕರ ಮೂಲವನ್ನು ಅರಸಹೊರಟರೆ ದೃಷ್ಟಿಯು ಮೊದಲು ರಾಯಚೂರು ಸೀಮೆಯ ಮುದಗಲ್ಲಿನ ಕಡೆಗೆ ಹೊರಳುತ್ತದೆ. ವಿಜಾಪುರದ ಆದಿಲಶಾಹಿಗಳ ಕಾಲದಲ್ಲಿ ಗೋವೆಯಿಂದ ಬಂದ ಪಾದ್ರಿಗಳು ಅಲ್ಲಿ ಒಂದು ಸಮಾಜವನ್ನು ಕಟ್ಟಿದರೆಂದು ಸಂಪ್ರದಾಯವು ಹೇಳುವುದು. ಮುಂದೆ ನಿಜಾಮರ ಆಳಿಕೆಯಲ್ಲಿ ಕಲಬುರಗಿ ಮತ್ತು ಬೀದರ ಸೀಮೆಗಳು ಹೈದರಾಬಾದಿನ ಧರ್ಮಪ್ರಾಂತ್ಯಕ್ಕೆ ಒಳಪಟ್ಟಿದ್ದುವು. ೧೯೪೮ರಲ್ಲಿ ನಿಜಾಮರ ಆಳಿಕೆಯು ಮುಗಿದು, ೧೯೫೬ರಲ್ಲಿ ಈ ಸೀಮೆಯು ಅಂದಿನ ಮೈಸೂರು ರಾಜ್ಯದೊಡನೆ ಒಂದಾದ ಮೇಲೆಯೂ ಧರ್ಮಸಭೆಯ ಹಳೆಯ ಎಲ್ಲೆಗಳು ಬಹುಕಾಲ ಉಳಿದುವು. ಕಲಬುರಗಿಗೆ ಪ್ರತ್ಯೇಕ ಧರ್ಮಪ್ರಾಂತ್ಯವು ದೊರೆತುದು ೨೦೦೫ರಲ್ಲಿ. ರಾಬರ್ಟ್ ಮೈಕಲ್ ಮಿರಾಂದರು ಅದರ ಮೊದಲನೆಯ ಧರ್ಮಾಧ್ಯಕ್ಷರಾದರು.

ಸಮಾಜಬೋಧೆ ಎಂಬ ಹೆಸರಿಗೆ ಆಧಾರವಾದುದು ಪೋಪ್ ಹದಿಮೂರನೆಯ ಲಿಯೋ ಅವರು ೧೮೯೧ನೆಯ ಮೇ ೧೫ರಂದು ಹೊರಡಿಸಿದ 'ರೇರುಂ ನೊವಾರುಂ' ಎಂಬ ವಿಶ್ವಪರಿಪತ್ರ. ಯೂರೋಪಿನ ಗಿರಣಿ, ಗಣಿಗಳಲ್ಲಿ ಕೂಲಿಕಾರರು ಪಡುತ್ತಿದ್ದ ಪಾಡನ್ನು ಕಂಡು, ಖಾಸಗಿ ಸ್ವತ್ತಿನ ಹಕ್ಕನ್ನು ಎತ್ತಿಹಿಡಿದುದರ ಜೊತೆಗೆ, ಕೂಲಿಯು ಕೇವಲ ಒಪ್ಪಂದದ ಮಾತಲ್ಲ, ದುಡಿಯುವವನ ಮಿತವಾದ ಜೀವನಕ್ಕೆ ಸಾಲುವಷ್ಟಿರಬೇಕೆಂದೂ, ಕೆಲಸಗಾರರಿಗೆ ಸಂಘ ಕಟ್ಟಿಕೊಳ್ಳುವ ಹಕ್ಕುಂಟೆಂದೂ ಅದು ಸಾರಿತು. ಇದು ದೂರದೇಶದ ಮಾತೆಂದು ಕಲಬುರಗಿಯವರು ತಳ್ಳಿಹಾಕುವಂತಿರಲಿಲ್ಲ. ಹತ್ತೊಂಬತ್ತನೆಯ ಶತಮಾನವು ಮುಗಿಯುವುದಕ್ಕೆ ಮೊದಲೇ ಈ ಊರಿನಲ್ಲಿ ಬಟ್ಟೆಯ ಗಿರಣಿಯೊಂದು ಏರ್ಪಟ್ಟಿತ್ತು. ಹೊಲದ ಕೆಲಸವನ್ನು ಬಿಟ್ಟು ಗಿರಣಿಯ ಕೆಲಸಕ್ಕೆ ಬಂದವನಿಗೆ ಕಾಳಿನ ರೂಪದ ಕೂಲಿ ಹೋಗಿ ಹಣದ ಕೂಲಿ ಬಂದಿತು. ಆ ಹಣವು ಎಷ್ಟಿರಬೇಕೆಂಬ ಪ್ರಶ್ನೆಯೂ ಅದರೊಡನೆಯೇ ಬಂದಿತು.

ದುಡಿಮೆಯ ಹಿರಿಮೆಯನ್ನು ಕನ್ನಡನಾಡು ಪರಿಪತ್ರಗಳಿಂದ ಕಲಿಯಬೇಕಾಗಿರಲಿಲ್ಲ. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಪೂಜೆಗೆ ಸಮನಾಗಿ ನಿಲ್ಲಿಸಿದ್ದರು. ೧೯೮೧ರಲ್ಲಿ ಎರಡನೆಯ ಜಾನ್ ಪಾಲರು 'ಲಬೋರೆಮ್ ಎಕ್ಸೆರ್ಸೆನ್ಸ್' ಎಂಬ ಪರಿಪತ್ರದಲ್ಲಿ, ಬಂಡವಾಳಕ್ಕಿಂತ ದುಡಿಮೆಯೂ ದುಡಿಮೆಗಿಂತ ದುಡಿಯುವ ಮನುಷ್ಯನೂ ಮೇಲೆಂದು ಹೇಳಿದುದನ್ನು ಓದುವ ಕನ್ನಡ ವಿದ್ವಾಂಸನಿಗೆ ಅದು ಪರಿಚಿತವಾದ ದನಿಯಾಗಿ ಕೇಳುವುದು ಸಹಜ. ಆದರೆ ಹೋಲಿಕೆಯನ್ನು ಕಂಡೊಡನೆ ಎರಡೂ ಒಂದೇ ಎಂದು ತೀರ್ಮಾನಿಸುವುದು ಶಾಸ್ತ್ರೀಯವಾದ ಕ್ರಮವಲ್ಲ. ಮುದಗಲ್ಲಿಗೆ ದೂರವಲ್ಲದ ಅಮರೇಶ್ವರದವರೆಂದು ಪ್ರಸಿದ್ಧರಾದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆಯನ್ನು ಇಲ್ಲಿ ನೆನೆಯಬಹುದು. ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದ ಗಂಡನಿಗೆ, ಬೇಕಾದುದಕ್ಕಿಂತ ಹೆಚ್ಚಿನದು ತಮ್ಮದಲ್ಲವೆಂದು ಹೇಳಿ ಅದನ್ನು ಹಿಂದಿರುಗಿಸಿ ಬರುವಂತೆ ಲಕ್ಕಮ್ಮನು ತಿಳಿಹೇಳಿದಳು. ಅಲ್ಲಿಯ ನೀತಿಯು ದುಡಿಯುವವನ ಆಶೆಗೆ ಎಲ್ಲೆಯನ್ನು ಹಾಕುತ್ತದೆ. ೧೮೯೧ರ ನೀತಿಯು ದುಡಿಸುವವನ ಲೋಭಕ್ಕೆ ಎಲ್ಲೆಯನ್ನು ಹಾಕುತ್ತದೆ. ಒಂದು ಸ್ವಯಂಸಂಯಮದ ಧರ್ಮ, ಇನ್ನೊಂದು ಎದುರಾಳಿಯಿಂದ ಕೇಳಿ ಪಡೆಯಬಹುದಾದ ಹಕ್ಕು. ದಾಸೋಹದ ವಿಷಯದಲ್ಲಿಯೂ ಹೀಗೆಯೇ. ನೀಡುವವನು ದಾಸನೆಂಬ ಭಾವದಿಂದ ನೀಡುವುದು ಅದರ ಜೀವಾಳ. ಸಮಾಜಬೋಧೆಯಾದರೋ, ನ್ಯಾಯವಾಗಿ ಸಲ್ಲತಕ್ಕ ಕೂಲಿಯನ್ನು ತಡೆದಿಟ್ಟು ಆಮೇಲೆ ಭಿಕ್ಷೆಯಾಗಿ ಕೊಡುವುದು ಧರ್ಮವೆನಿಸದೆಂದು ವಾದಿಸುತ್ತದೆ. ಎರಡು ಬೋಧೆಗಳೂ ಒಂದನ್ನೊಂದು ತುಂಬಿಕೊಡಬಲ್ಲವೆಂಬುದು ಈ ಭೇದವನ್ನು ಒಪ್ಪಿಕೊಂಡ ಮೇಲೆಯೇ ಸ್ಪಷ್ಟವಾಗುತ್ತದೆ.

ಬೋಧೆಯು ಸಂಸ್ಥೆಯಾಗಿ ರೂಪುಗೊಂಡುದನ್ನು ಕಾಣಬೇಕಾದರೆ ಕರಾವಳಿಗೆ ಹೋಗಬೇಕು. ಮಂಗಳೂರಿನ ಕಂಕನಾಡಿಯಲ್ಲಿ ಅಗಸ್ಟಸ್ ಮುಲ್ಲರ್ ಎಂಬ ಜೆಸ್ವಿತ್ ಪಾದ್ರಿಗಳು ೧೮೮೦ರಲ್ಲಿ ಬಡವರಿಗೆ ಹೋಮಿಯೋಪತಿಯ ಔಷಧಿಯನ್ನು ಕೊಡಲು ತೊಡಗಿದರು. ೧೮೯೦ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯವನ್ನು ಕಲ್ಪಿಸಿದರು. ಇವೆರಡೂ ಲಿಯೋ ಅವರ ಪರಿಪತ್ರಕ್ಕಿಂತ ಮುಂಚಿನವು. ಆದುದರಿಂದ ಆಚರಣೆಯು ಬೋಧೆಯನ್ನು ಹಿಂಬಾಲಿಸಿತೆನ್ನುವುದಕ್ಕಿಂತ, ಕೆಲವೆಡೆ ಅದಕ್ಕೆ ಮುಂದಾಗಿ ನಡೆಯಿತೆನ್ನುವುದೇ ಸರಿ. ಸಾಲದ ವಿಷಯದಲ್ಲಿ ಮತ್ತೊಂದು ಹೆಜ್ಜೆ ಬಿದ್ದಿತು. ೧೯೦೪ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯ ತರುವಾಯ, ಗದಗು ಸೀಮೆಯ ಕಣಗಿನಹಾಳದಲ್ಲಿ ೧೯೦೫ರಲ್ಲಿ ರೈತರ ಸಹಕಾರಿ ಸಂಘವು ಹುಟ್ಟಿತು, ಛೋಟಾನಾಗಪುರದಲ್ಲಿ ಹೊಫ್‌ಮನ್ ಪಾದ್ರಿಗಳು ೧೯೦೯ರಲ್ಲಿ ಆದಿವಾಸಿಗಳನ್ನು ಸಾಹುಕಾರರ ಹಿಡಿತದಿಂದ ಬಿಡಿಸಲು ಕಥೋಲಿಕ ಸಹಕಾರಿ ಸಂಘವನ್ನು ಕಟ್ಟಿದರು, ಮಂಗಳೂರಿನಲ್ಲಿ ಪಿ. ಎಫ್. ಎಕ್ಸ್. ಸಲ್ಡಾನ್ಹರ ಮುಂದಾಳುತನದಲ್ಲಿ ೧೯೧೨ರಲ್ಲಿ ಕಥೋಲಿಕ ಸಹಕಾರಿ ಬ್ಯಾಂಕು ಸ್ಥಾಪಿತವಾಯಿತು. ಕಿರಿಯ ಸಂಘವು ತಾನೇ ಮಾಡಬಲ್ಲ ಕಾರ್ಯವನ್ನು ಹಿರಿಯ ಸಂಘವು ಕಸಿದುಕೊಳ್ಳಬಾರದೆಂಬ ತತ್ತ್ವವನ್ನು ಹನ್ನೊಂದನೆಯ ಪಿಯೂಸ್ ಪೋಪರು ೧೯೩೧ರಲ್ಲಿ 'ಕ್ವಾದ್ರಜೇಸಿಮೊ ಆನ್ನೊ' ಪರಿಪತ್ರದಲ್ಲಿ ವಿವರಿಸುವುದಕ್ಕೆ ಎಷ್ಟೋ ಮೊದಲೇ, ಅದು ಇಂತಹ ಸಂಘಗಳ ಲೆಕ್ಕದ ಪುಸ್ತಕಗಳಲ್ಲಿ ನಡೆದಿತ್ತು.

ಕರಾವಳಿಯ ಈ ಮಾದರಿಯನ್ನು ಕಲಬುರಗಿಗೆ ಹಾಗೆಯೇ ತಂದು ನೆಡಲು ಬರುವಂತಿರಲಿಲ್ಲ. ಬ್ಯಾಂಕು ಕಟ್ಟಲು ಶೇರು ಕೊಳ್ಳುವವರು ಬೇಕು. ಮಂಗಳೂರಿನ ಕಥೋಲಿಕರಲ್ಲಿ ಭೂಮಿಯುಳ್ಳವರೂ ವ್ಯಾಪಾರಿಗಳೂ ವಕೀಲರೂ ಇದ್ದರು. ಮಳೆಯನ್ನೇ ನೆಚ್ಚಿದ ತೊಗರಿಯ ಈ ನಾಡಿನಲ್ಲಿಯಾದರೋ, ಧರ್ಮಸಭೆಯ ಸೇವೆಗೆ ಎದುರಾದವರು ಬಹುಮಟ್ಟಿಗೆ ಹೊಲವಿಲ್ಲದ ಕೂಲಿಕಾರರು. ಕಮಲಾಪುರದ ಕೆಂಪುಬಾಳೆಯು ಹೆಸರುವಾಸಿಯಾದುದೇನೋ ನಿಜ. ಆದರೆ ಬಾಳೆಗೆ ನೀರು ಬೇಕು, ನೀರಿಗೆ ಬಾವಿ ಬೇಕು, ಬಾವಿಗೆ ಸ್ವಂತ ಹೊಲ ಬೇಕು. ಹೊಲವಿಲ್ಲದವನು ಬೇಸಗೆಯಲ್ಲಿ ಮುಂಬಯಿಗೋ ಪುಣೆಗೋ ಹೈದರಾಬಾದಿಗೋ ಗುಳೆ ಹೋಗುತ್ತಾನೆ. ಇಪ್ಪತ್ತಮೂರನೆಯ ಜಾನ್ ಪೋಪರು ೧೯೬೧ರಲ್ಲಿ 'ಮಾತೆರ್ ಎತ್ ಮಜಿಸ್ತ್ರಾ' ಪರಿಪತ್ರದಲ್ಲಿ ಒಕ್ಕಲುತನವು ಹಿಂದುಳಿದುದಕ್ಕೆ ಕಾರಣಗಳನ್ನು ವಿಚಾರಿಸಿ, ಪತ್ತು, ವಿಮೆ, ಸಹಕಾರ ಇವು ಹಳ್ಳಿಗೆ ತಲಪಬೇಕೆಂದುದು ಇಂತಹ ನಾಡಿಗೆ ನೇರವಾಗಿ ಅನ್ವಯಿಸುವ ಮಾತು.

ಆದುದರಿಂದ ಒಣನಾಡುಗಳಿಗೆ ಬೇರೊಂದು ರೂಪವು ತಕ್ಕುದಾಯಿತು. ಹದಿನೈದು ಇಪ್ಪತ್ತು ಮಂದಿ ಹೆಂಗಸರು ವಾರಕ್ಕೊಮ್ಮೆ ಕೂಡಿ ಅಲ್ಪಸ್ವಲ್ಪ ಉಳಿಸಿ, ತಮ್ಮೊಳಗೇ ಸಾಲ ಕೊಟ್ಟುಕೊಳ್ಳುವ ಸ್ವಸಹಾಯ ಗುಂಪುಗಳು ೧೯೮೦ರ ದಶಕದಲ್ಲಿ ಕರ್ನಾಟಕದಲ್ಲಿ ಬೆಳೆದುವು. ೧೯೯೨ರಲ್ಲಿ ನಬಾರ್ಡ್ ಸಂಸ್ಥೆಯು ಇವನ್ನು ಬ್ಯಾಂಕುಗಳೊಡನೆ ಕೂಡಿಸುವ ಪ್ರಯೋಗಕ್ಕೆ ತೊಡಗಿತು. ಇದು ಕಥೋಲಿಕರ ಕಲ್ಪನೆಯಲ್ಲ. ಆದರೂ ಧರ್ಮಪ್ರಾಂತ್ಯಗಳ ಸಮಾಜಸೇವಾ ಸಂಸ್ಥೆಗಳು ಇದನ್ನು ತಮ್ಮದಾಗಿಸಿಕೊಂಡುದು ಆಕಸ್ಮಿಕವಲ್ಲ. ೧೯೩೧ರ ತತ್ತ್ವಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆಯು ದೊರೆಯುವುದು ಕಷ್ಟ. ಭಾಷೆಯೂ ಇದಕ್ಕೆ ನೆರವಾಯಿತು. ಎರಡನೆಯ ವ್ಯಾಟಿಕನ್ ಮಹಾಸಭೆಯು ೧೯೬೩ರಲ್ಲಿ ಪೂಜಾವಿಧಿಯಲ್ಲಿ ದೇಶಭಾಷೆಗಳಿಗೆ ಎಡೆಗೊಟ್ಟ ಮೇಲೆ ಲತೀನಿನ ಸ್ಥಳಕ್ಕೆ ಕನ್ನಡವು ಬಂದಿತು. ಪೀಠದ ಮಾತೂ ಸಂಘದ ಮಾತೂ ಒಂದೇ ನುಡಿಯಾದುವು.

ಇಷ್ಟಾದರೂ ಬೋಧೆಯ ನಿಜವಾದ ಒರೆಗಲ್ಲು ಜಾತಿ. ಮನುಷ್ಯರೆಲ್ಲರೂ ದೇವರ ಪ್ರತಿರೂಪವೆಂಬುದು ಸಮಾಜಬೋಧೆಯ ಮೊದಲನೆಯ ಸೂತ್ರ. ಆದರೆ ಅಸ್ಪೃಶ್ಯತೆಯಿಂದ ಬಿಡುಗಡೆಯನ್ನು ಬಯಸಿ ಕ್ರೈಸ್ತರಾದವರಿಗೆ ಎರಡು ಕಡೆಯಿಂದಲೂ ನಷ್ಟವುಂಟಾಯಿತು. ೧೯೫೦ರ ರಾಷ್ಟ್ರಪತಿಗಳ ಆಜ್ಞೆಯು ಪರಿಶಿಷ್ಟ ಜಾತಿಯ ಸೌಲಭ್ಯವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. ೧೯೫೬ರಲ್ಲಿ ಸಿಖ್ಖರಿಗೂ ೧೯೯೦ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಲ್ಪಟ್ಟಿತು, ಕ್ರೈಸ್ತರಿಗೆ ವಿಸ್ತರಿಸಲ್ಪಡಲಿಲ್ಲ. ಹೊರಗೆ ರಾಜ್ಯವು ಇವರ ಹಳೆಯ ಜಾತಿಯನ್ನು ಗಣನೆಗೆ ತಾರದಿರುವಾಗ, ಒಳಗೆ ಸಹವಿಶ್ವಾಸಿಗಳು ಅದನ್ನು ಮರೆಯಲಿಲ್ಲ. ಭಾರತದ ಕಥೋಲಿಕ ಧರ್ಮಾಧ್ಯಕ್ಷರು ೨೦೧೬ರಲ್ಲಿ ದಲಿತರ ಏಳಿಗೆಯ ನೀತಿಯನ್ನು ಪ್ರಕಟಿಸಿ, ಧರ್ಮಸಭೆಯೊಳಗೇ ಜಾತಿಭೇದವುಂಟೆಂದೂ ಅದು ಘೋರವಾದ ಸಾಮಾಜಿಕ ಪಾಪವೆಂದೂ ಒಪ್ಪಿಕೊಂಡರು. ಪರರ ತಪ್ಪನ್ನು ಎತ್ತಿ ತೋರಿಸುವುದಕ್ಕಾಗಿ ಹುಟ್ಟಿದ ಬೋಧೆಯು ತನ್ನ ಮನೆಯನ್ನೇ ತೂಗಿನೋಡಬೇಕಾಗಿ ಬಂದುದು ಅದರ ಚರಿತ್ರೆಯಲ್ಲಿ ಸಣ್ಣ ಘಟನೆಯಲ್ಲ. ಎಂಟು ಶತಮಾನಗಳ ಹಿಂದೆ ಕುಲವನ್ನು ಅಲ್ಲಗಳೆದ ಶರಣರ ನಾಡಿನಲ್ಲಿ, ಅವರ ಅನುಯಾಯಿಗಳೊಳಗೂ ಕುಲವು ಮರಳಿ ಚಿಗುರಿದುದನ್ನು ಬಲ್ಲವರಿಗೆ ಇದು ಅಪರಿಚಿತವಾದ ದುಃಖವೂ ಅಲ್ಲ.

ಹೀಗೆ ನೋಡಿದರೆ ಕಥೋಲಿಕ ಸಮಾಜಬೋಧೆಯು ಕಲಬುರಗಿಗೆ ತಂದುದು ಕರುಣೆಯನ್ನಲ್ಲ. ಅದು ಇಲ್ಲಿ ಮೊದಲೇ ಇದ್ದಿತು. ಕರುಣೆಯ ಪಕ್ಕದಲ್ಲಿ ಅದು ಇರಿಸಿದುದು ನ್ಯಾಯದ ಲೆಕ್ಕವನ್ನು: ಕೂಲಿ ಎಷ್ಟು, ಬಡ್ಡಿ ಎಷ್ಟು, ಸಂಘದಲ್ಲಿ ಮಾತು ಯಾರದು, ಇಗರ್ಜಿಯಲ್ಲಿ ಎಡೆ ಯಾರಿಗೆ. ಈ ನಾಲ್ಕು ಪ್ರಶ್ನೆಗಳಿಗೆ ಒಂದೊಂದು ಹಳ್ಳಿಯಲ್ಲಿ ದೊರೆಯುವ ಉತ್ತರವೇ ಆ ಬೋಧೆಯ ನಿಜವಾದ ಚರಿತ್ರೆ.