ಮುತ್ತ ನೆನಪಿದಾನೆ, ಕೊಟ್ರೇಶಿ?

ಜಿಗಣಿಯಿಂದ ಮಾತಾಡ್ತಾ ಇದೀನಿ. ಮಧ್ಯದಲ್ಲಿ ಗ್ರಾನೈಟ್ ಕೊಯ್ಯೋ ಸದ್ದು ಕೇಳಿಸಿದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಇವತ್ತು ವಿಜಯ್ ರಾಘವೇಂದ್ರ ಬಾಲನಟನಾಗಿದ್ದಾಗಿನ ಎರಡು ಪಾತ್ರಗಳ ವಿಷಯ.

ಇವರು ನಿರ್ಮಾಪಕ ಎಸ್.ಎ. ಚಿನ್ನೇಗೌಡರ ಮಗ, ಪಾರ್ವತಮ್ಮ ರಾಜ್‌ಕುಮಾರ್ ಅವರ ತಮ್ಮನ ಮಗ. 'ಚಲಿಸುವ ಮೋಡಗಳು', 'ಪರಶುರಾಮ್' ಎರಡರಲ್ಲೂ ಇದ್ರು. ಸಿನಿಮಾದವರ ಮನೆ ಮಗು ತೆರೆ ಮೇಲೆ ಬರೋದ್ರಲ್ಲಿ ಏನೂ ವಿಶೇಷ ಇಲ್ಲ ಬಿಡಿ. ಆದ್ರೆ ಆ ಮನೆಯ ಹುಡುಗ ನೆನಪಲ್ಲಿ ಉಳಿದಿದ್ದು ಕೈಯಲ್ಲಿ ಕಾಸಿಲ್ಲದ ಇಬ್ಬರು ಹುಡುಗರಾಗಿ.

ಮೊದಲನೆಯವನು 1993ರ 'ಚಿನ್ನಾರಿ ಮುತ್ತ'. ಟಿ.ಎಸ್. ನಾಗಾಭರಣ ನಿರ್ದೇಶನ, ಎಚ್.ಎಸ್. ವೆಂಕಟೇಶಮೂರ್ತಿ ಅವರ ಹಾಡು, ಸಿ. ಅಶ್ವಥ್ ಸಂಗೀತ. ಹಳ್ಳಿ ಹುಡುಗ ಪೇಟೆಗೆ ಬಂದು ಓಟಗಾರ ಆಗೋ ಕಥೆ. ಶಾಲಾ ವಾರ್ಷಿಕೋತ್ಸವದಲ್ಲಿ ಆ ಹಾಡುಗಳಿಗೆ ಕುಣಿಯದ ಮಕ್ಕಳು ನಮ್ಮ ಕಾಲದಲ್ಲಿ ಕಮ್ಮಿ.

ಮರುವರ್ಷ 'ಕೊಟ್ರೇಶಿ ಕನಸು'. ಕುಂ. ವೀರಭದ್ರಪ್ಪನವರ ಕಥೆ, ನಾಗತಿಹಳ್ಳಿ ಚಂದ್ರಶೇಖರ್ ನಿರ್ದೇಶನ. ಕೊಟ್ರೇಶಿ ಅನ್ನೋದು ಕೊಟ್ಟೂರು ಕಡೆಯ ಹೆಸರು; ಕುಂವೀ ಅವರ ಊರೂ ಅದೇ. ದಲಿತ ಹುಡುಗ ಏಳನೇ ಕ್ಲಾಸಿನಲ್ಲಿ ಒಳ್ಳೆ ಅಂಕ ತೆಗೀತಾನೆ. ಮುಂದೆ ಓದಬೇಕು ಅಂದಾಗ ಅಡ್ಡ ನಿಲ್ಲೋದು ಜಾತಿ. ಮುತ್ತನಿಗೆ ಓಡೋ ಕಾಲಿದ್ರೆ ಸಾಕು, ದಾರಿ ತೆರೆಯುತ್ತೆ. ಕೊಟ್ರೇಶಿಗೆ ಅಂಕ ಇದ್ರೂ ಸಾಲಲ್ಲ. ನನ್ನ ಪ್ರಕಾರ ಎರಡನೆಯದೇ ದೊಡ್ಡ ಪಾತ್ರ. ಶ್ರೇಷ್ಠ ಬಾಲನಟ ರಾಷ್ಟ್ರಪ್ರಶಸ್ತಿ ಬಂದಿದ್ದೂ ಅದಕ್ಕೇ.

ಆದ್ರೂ ಜನ ಅವರನ್ನ ಇವತ್ತಿಗೂ ಕರೆಯೋದು 'ಚಿನ್ನಾರಿ ಮುತ್ತ' ಅಂತಲೇ. ಹಾಡಿನ ಬಲ ಅದು, ಒಪ್ಪೋಣ. ಗೆದ್ದ ಹುಡುಗನನ್ನ ನೆನಪಿಟ್ಕೊಳ್ಳೋದೂ ಸುಲಭ. ತಡೆದವರು ಯಾರು ಅಂತ ಕೇಳೋ ಹುಡುಗನನ್ನ ಮನೆಮಂದಿ ಜೊತೆ ಕೂತು ನೋಡೋಕೆ ಸ್ವಲ್ಪ ಮುಜುಗರ. ಕೇಂದ್ರದ ಶಿಕ್ಷಣ ಹಕ್ಕು ಕಾಯ್ದೆ ಪಾಸಾಗಿದ್ದು 2009ರಲ್ಲಿ, ಅದೂ 14 ವರ್ಷದ ತನಕ ಮಾತ್ರ. ಇಲ್ಲಿ ಕಲ್ಲು ಪಾಲಿಶ್ ಮಾಡೋಕೆ ಬಂದ ಉತ್ತರ ಕರ್ನಾಟಕದ ಹುಡುಗರ ಜೊತೆ ಟೀ ಅಂಗಡಿಯಲ್ಲಿ ನಿಂತು ಎಲ್ಲೀತನಕ ಓದಿದ್ರಿ ಅಂತ ಕೇಳಿ ನೋಡಿ, 'ಏಳನೆತ್ತ ರೀ', 'ಎಂಟನೆತ್ತ ರೀ' ಅನ್ನೋರು ಸಿಕ್ತಾರೆ.

2002ರಲ್ಲಿ 'ನಿನಗಾಗಿ'ಯಿಂದ ನಾಯಕ. 2018ರಲ್ಲಿ 'ಕಿಸ್ಮತ್' ನಿರ್ದೇಶನ, ಹೀರೋನೂ ಅವರೇ. ಮಲಯಾಳಂ-ತಮಿಳಿನ 'ನೇರಂ' ರೀಮೇಕ್ ಅದು. ಕೆಲಸ ಹೋದ ಯುವಕ ಬಡ್ಡಿ ವ್ಯಾಪಾರಿ ಕೈಗೆ ಸಿಕ್ಕಿಬೀಳೋದು ಮೂಲ ಕಥೆ. ಬಿ.ಕಾಂ ಓದಿದೋನು ನಾನು, ಬಡ್ಡಿ ಲೆಕ್ಕದ ಕಥೆ ಅಂದ್ರೆ ಆಸಕ್ತಿ ಜಾಸ್ತಿ. ಓದು ಮುಗಿಸಿದ ಕೊಟ್ರೇಶಿಗೆ ಮುಂದೆ ಕಾದಿರೋದು ಇಂಥದ್ದೇ ಇರಬಹುದು ಅಂತ ನನಗನ್ನಿಸುತ್ತೆ. ಆದ್ರೂ ರೀಮೇಕ್ ಬದಲು ಕುಂವೀ ಕಥೆಗಳ ಕಡೆಗೇ ಅವರು ಮತ್ತೆ ಹೋಗಿದ್ರೆ ಚೆನ್ನಾಗಿರ್ತಿತ್ತು.

ಮುತ್ತನನ್ನ ನೀವು ನೋಡೇ ಇರ್ತೀರಿ. ಈ ಭಾನುವಾರ ಕೊಟ್ರೇಶಿನ ನೋಡಿ, ಮನೆಯವರನ್ನೂ ಕೂರಿಸ್ಕೊಂಡು.