ಎಪ್ಪತ್ತೈದು ಗಂಟೆಗಳ ಲೆಕ್ಕ

ಬಿ.ಕಾಂ., ಸಿ.ಎ. ಮುಗಿಸಿ ಅಮೆರಿಕಕ್ಕೆ ಬಂದ ನಾನು ಮೇರಿಲ್ಯಾಂಡ್ ರಾಜ್ಯದ ಜರ್ಮನ್‌ಟೌನ್‌ನಲ್ಲಿ ಲೆಕ್ಕಪತ್ರಗಳ ನಡುವೆ ಬದುಕುವವನು. ಹೈಸ್ಕೂಲಿನಲ್ಲಿರುವ ಮಗಳು ಒಂದು ದಿನ "ಅಪ್ಪಾ, ನಂದು ಇನ್ನೂ ಹದಿನೆಂಟು ಗಂಟೆ ಬಾಕಿ ಇದೆ" ಎಂದಾಗ, ಯಾವ ಶನಿವಾರ ಎಷ್ಟು ಗಂಟೆ ಎಂದು ಕೂಡಲೇ ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿಕೊಟ್ಟೆ.

ಅವಳು ಹೇಳಿದ್ದು ಸಮಾಜಸೇವೆಯ ಗಂಟೆಗಳನ್ನು. ಹೈಸ್ಕೂಲು ಮುಗಿಸಲು ಇದನ್ನು ಕಡ್ಡಾಯ ಮಾಡಿದ ಅಮೆರಿಕದ ಮೊದಲ ರಾಜ್ಯ ಮೇರಿಲ್ಯಾಂಡ್. 1992ರಲ್ಲಿ ರಾಜ್ಯ ಶಿಕ್ಷಣ ಮಂಡಳಿ ನಿಯಮ ಮಾಡಿತು; 1997ರಲ್ಲಿ ಹೊರಬಂದ ತಂಡ ಅದರ ಅಡಿಯಲ್ಲಿ ತೇರ್ಗಡೆಯಾದ ಮೊದಲನೆಯದು. ನಮ್ಮ ಮಾಂಟ್ಗೊಮರಿ ಕೌಂಟಿಯಲ್ಲಿ 75 ಗಂಟೆ ಬೇಕು. ಗಣಿತದಲ್ಲಿ ನೂರಕ್ಕೆ ನೂರು ಬಂದರೂ ಇದಿಲ್ಲದೆ ಡಿಪ್ಲೊಮಾ ಇಲ್ಲ. ಗಂಟೆ ತುಂಬಿಸಿದರಷ್ಟೇ ಸಾಲದು. ಮೊದಲು ಸಿದ್ಧತೆ, ಆಮೇಲೆ ಕೆಲಸ, ಕೊನೆಗೆ ಆ ಕೆಲಸದಿಂದ ಏನು ಕಲಿತೆ ಎಂಬ ಬರಹ. ಆ ಫಾರಂ ಮುಂದಿಟ್ಟುಕೊಂಡು ಕೂತವಳು ಕೇಳಿದಳು: "ನಿಮ್ಮ ಸ್ಕೂಲಲ್ಲಿ ಇಂಥದ್ದೇನೂ ಇರಲಿಲ್ವಾ?"

ಇತ್ತು. ಹುಬ್ಬಳ್ಳಿಯ ನಮ್ಮ ಶಾಲೆಯಲ್ಲಿ ಸೇವಾದಳದ ಶಾಖೆ ಇತ್ತು. ಕವಾಯತು, ಅಂಗಳ ಗುಡಿಸುವುದು, ರಾಷ್ಟ್ರಧ್ವಜ ಮಡಚಿ ಕಟ್ಟಿ ಏರಿಸುವುದು. ಒಂಬತ್ತನೆಯ ತರಗತಿಗೆ ಬಂದಾಗ ಟ್ಯೂಷನ್ ಶುರುವಾಯಿತು. "ಅದರಾಗೇನು ಮಾರ್ಕ್ಸ್ ಬರ್ತಾವೇನು?" ಎಂದರು ಅಪ್ಪ. ಟೋಪಿ ಟ್ರಂಕಿನ ತಳ ಸೇರಿತು. ನನಗೂ ಬೇಸರವಾಗಲಿಲ್ಲ, ಬಿಡುಗಡೆ ಸಿಕ್ಕಂತಾಯಿತು.

ಆ ಟೋಪಿಯ ಚರಿತ್ರೆ ನಾನು ಓದಿದ್ದು ಈ ದೇಶಕ್ಕೆ ಬಂದ ಮೇಲೆ. ಸೇವಾದಳ ಕಟ್ಟಿದ ಡಾ. ನಾ.ಸು. ಹರ್ಡೀಕರರು 1889ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ಅವರೂ ನಮ್ಮಂತೆ ಓದಲು ಅಮೆರಿಕಕ್ಕೆ ಬಂದವರೇ. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಓದಿದರು. ಲಾಲಾ ಲಜಪತರಾಯರ ಜೊತೆ ಇಲ್ಲಿಯ ಹೋಂರೂಲ್ ಲೀಗಿನಲ್ಲಿ ದುಡಿದರು. 1921ರಲ್ಲಿ ತಿರುಗಿ ಹೋಗಿ ಹುಬ್ಬಳ್ಳಿಯಲ್ಲಿ ನೆಲೆನಿಂತು ತರುಣರನ್ನು ಒಟ್ಟುಗೂಡಿಸಿದರು.

1923ರಲ್ಲಿ ನಾಗಪುರದ ಧ್ವಜ ಸತ್ಯಾಗ್ರಹ. ಜೈಲು ಸೇರಿದ ಅನೇಕರು ಕಷ್ಟ ತಾಳಲಾರದೆ ಕ್ಷಮೆ ಬರೆದುಕೊಟ್ಟು ಹೊರಬಂದರು. ಹರ್ಡೀಕರರ ಹುಬ್ಬಳ್ಳಿಯ ತಂಡ ಬರೆದುಕೊಡಲಿಲ್ಲ. ಆ ಹುಡುಗರು ಉಳಿದವರಿಗಿಂತ ಹೆಚ್ಚು ಓದಿದ್ದರೆಂದಲ್ಲ. ಒಟ್ಟಿಗೆ ನಿಲ್ಲುವ ಅಭ್ಯಾಸ ಅವರಿಗೆ ಮೊದಲೇ ಆಗಿತ್ತು. ಅದೇ ವರ್ಷ ಡಿಸೆಂಬರಿನಲ್ಲಿ, ಕಾಕಿನಾಡ ಕಾಂಗ್ರೆಸ್ ಅಧಿವೇಶನದ ವೇಳೆಗೆ, ಇಂಥ ತರಬೇತಿ ದೇಶಕ್ಕೆಲ್ಲ ಬೇಕೆಂದು ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಮರುವರ್ಷ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಅಧಿವೇಶನದಲ್ಲಿ ಸ್ವಯಂಸೇವಕರ ಹೊಣೆ ಹೊತ್ತವರು ಹರ್ಡೀಕರರೇ. 1932ರಲ್ಲಿ ಬ್ರಿಟಿಷ್ ಸರ್ಕಾರ ದಳವನ್ನು ನಿಷೇಧಿಸಿತು. ಕವಾಯತು ಕಲಿಸುವ ಸಂಸ್ಥೆಗೆ ಸರ್ಕಾರ ಹೆದರಿತೆಂದರೆ, ಪಾಠದಾಚೆಯ ಆ ಕಲಿಕೆಯ ಬೆಲೆ ನನ್ನ ಅಪ್ಪನಿಗಿಂತ, ನನಗಿಂತ, ಬ್ರಿಟಿಷರಿಗೇ ಚೆನ್ನಾಗಿ ತಿಳಿದಿತ್ತು! ಸ್ವಾತಂತ್ರ್ಯ ಬಂದ ಮೇಲೆ ದಳ ರಾಜಕೀಯ ಬಿಟ್ಟು, ಭಾರತ ಸೇವಾದಳವಾಗಿ ನಮ್ಮ ಶಾಲೆಗಳಿಗೆ ಬಂತು.

ಕಡ್ಡಾಯ ಮಾಡಿದರೆ ಅದು ಸೇವೆ ಹೇಗಾದೀತು ಎಂದು ಇಲ್ಲಿ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಗಣಿತವೂ ಕಡ್ಡಾಯವೇ ಆಗಿತ್ತು. ಅದರಿಂದಲೇ ನಾನು ಅನ್ನ ತಿನ್ನುತ್ತಿದ್ದೇನೆ. ಮಕ್ಕಳನ್ನು ಬಾಗಿಲ ತನಕ ಕರೆದೊಯ್ಯಲು ನಿಯಮ ಸಾಕು. ಒಳಗೆ ಹೋಗಿ ಏನು ಕಂಡೆ ಎಂದು ಕೇಳುವುದು ಮನೆಯವರ ಕೆಲಸ. ನಾನು ಅದನ್ನು ಕೇಳದೆ ಪಟ್ಟಿ ಮಾಡಿಕೊಟ್ಟಿದ್ದೆ. ಅಪ್ಪ ಮಾರ್ಕ್ಸು ಎಣಿಸಿದರು, ನಾನು ಗಂಟೆ ಎಣಿಸಿದೆ, ವ್ಯತ್ಯಾಸವೇನು ಬಂತು?

ಕಳೆದ ಆಗಸ್ಟ್ 15ರಂದು ನಾವು ಕೆಲವು ಕುಟುಂಬಗಳು ಸೇರಿದ್ದಾಗ ಧ್ವಜ ಮಡಚಿ ಕಟ್ಟಲು ಯಾರಿಗೂ ಬರಲಿಲ್ಲ. ನನ್ನ ಕೈಗಳಿಗೆ ನೆನಪಿತ್ತು. ಮಗಳು ಪಕ್ಕದಲ್ಲೇ ನಿಂತು ನೋಡಿ, ಮತ್ತೊಮ್ಮೆ ಬಿಚ್ಚಿ ಕಲಿಸಿಕೊಡು ಎಂದಳು. ಮುಂದಿನ ಶನಿವಾರ ಅವಳ ಜೊತೆ ಬ್ಲ್ಯಾಕ್ ಹಿಲ್ ಪಾರ್ಕಿಗೆ ಕಸ ಹೆಕ್ಕಲು ನಾನೂ ಹೋದೆ. ಆ ಗಂಟೆಗಳನ್ನು ಎಲ್ಲಿಯೂ ಬರೆದಿಟ್ಟಿಲ್ಲ.